ಹಿಮಗಾಲದ ಒಕ್ಕಲುತನ: ಜಂಸ್ಕಾರ್ ಕಣಿವೆಯ ರೈತರ ಚಳಿಗಾಲದ ಕೆಲಸಗಳು

ನಮ್ಮ ಸೀಮೆಯ ಒಕ್ಕಲಿಗರಿಗೆ ಮಾರ್ಗಶಿರ ಪುಷ್ಯ ಮಾಸಗಳೆಂದರೆ ಸುಗ್ಗಿಯ ದಿನಗಳು. ರಾಗಿಯ ಮೆದೆಗಳು ಕಣವನ್ನು ಸೇರುವುವು. ಹುಲ್ಲಿನ ಬಣವೆಗಳು ಏಳುವುವು. ಬೆಳಗಿನ ಜಾವದ ಮಂಜು ಹೊತ್ತೇರುವಷ್ಟರಲ್ಲಿ ಕರಗಿಹೋಗುವುದು. ಇದೇ ತಿಂಗಳುಗಳಲ್ಲಿ ಹಿಮಾಲಯದ ಮಹಾಶ್ರೇಣಿಯ ಆಚೆಯ ಕಣಿವೆಗಳಲ್ಲಿ ವಾಸಿಸುವ ರೈತರ ಹೊಲಗಳು ಹಿಮದ ಕೆಳಗೆ ಹೂತುಹೋಗಿರುವುವು. ಅಲ್ಲಿ ಐದಾರು ತಿಂಗಳ ಕಾಲ ನೇಗಿಲನ್ನು ಹೂಡುವಂತಿಲ್ಲ. ಹಸುರು ಹುಲ್ಲಿನ ಒಂದೆಸಳೂ ದೊರೆಯುವಂತಿಲ್ಲ. ಇಂಥ ಕಾಲದಲ್ಲಿ ರೈತನಿಗೆ ಕೆಲಸವಾದರೂ ಏನಿರುವುದು ಎಂದು ವಾಚಕರು ಕೇಳಬಹುದು. ಆ ಸೀಮೆಯಲ್ಲಿ ನೇಗಿಲಿಗೆ ಬಿಡುವುಂಟೇ ಹೊರತು ನೇಗಿಲು ಹಿಡಿಯುವವನಿಗೆ ಬಿಡುವಿಲ್ಲ. ಕೂಡಿಟ್ಟ ಮೇವು, ಸೌದೆ, ಗೊಬ್ಬರ, ನೀರು ಇವುಗಳನ್ನು ಅಳೆದು ಬಳಸಿ ವಸಂತದವರೆಗೆ ಸಂಸಾರವನ್ನೂ ದನಕರುಗಳನ್ನೂ ಉಳಿಸಿಕೊಳ್ಳುವುದೇ ಅಲ್ಲಿಯ ಚಳಿಗಾಲದ ಬೇಸಾಯ. ಅದು ಹೇಗೆ ನಡೆಯುವುದೆಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲಾಗಿದೆ.

ನಾಡಿನ ಸ್ವರೂಪ

ಜಂಸ್ಕಾರ್ ಎಂಬುದು ಲಡಾಖ್ ಪ್ರಾಂತ್ಯದ ಒಂದು ಎತ್ತರದ ಕಣಿವೆ. ಲಡಾಖ್ 2019ನೆಯ ಅಕ್ಟೋಬರ್ 31ರಂದು ಕೇಂದ್ರಾಡಳಿತ ಪ್ರದೇಶವಾಯಿತು. ಜಂಸ್ಕಾರಿನ ಮುಖ್ಯ ಊರಾದ ಪದುಮ್ ಸಮುದ್ರಮಟ್ಟಕ್ಕಿಂತ 11,500 ಅಡಿಗೂ ಮೇಲೆ ಇರುವುದು. ಕಾರ್ಗಿಲ್ ಕಡೆಯಿಂದ ಅಲ್ಲಿಗೆ ಹೋಗುವ ದಾರಿಯು ಸುಮಾರು 14,400 ಅಡಿ ಎತ್ತರದ ಪೆನ್ಸಿ ಲಾ ಎಂಬ ಕಣಿವೆಮಾರ್ಗವನ್ನು ದಾಟಬೇಕು. ಹಿಮ ಬಿದ್ದೊಡನೆ ಆ ದಾರಿ ಮುಚ್ಚಿಹೋಗುವುದು. ನಡುಚಳಿಗಾಲದಲ್ಲಿ ರಾತ್ರಿಯ ಶೈತ್ಯವು ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗೆ ಇಳಿಯುವುದು ಅಲ್ಲಿ ಸಾಮಾನ್ಯ. ಮುಂಗಾರಿನ ಮೋಡಗಳನ್ನು ಹಿಮಾಲಯವು ತಡೆಯುವುದರಿಂದ ಅಲ್ಲಿ ಮಳೆ ಬಹು ಸ್ವಲ್ಪ. ಜವೆಗೋಧಿ, ಬಟಾಣಿ, ಸ್ವಲ್ಪ ಗೋಧಿ ಇವೇ ಮುಖ್ಯ ಬೆಳೆಗಳು. ಮೇ ತಿಂಗಳಿನಲ್ಲಿ ಬಿತ್ತಿ ಸೆಪ್ಟೆಂಬರಿನೊಳಗೆ ಕೊಯ್ಯಬೇಕು. ಈ ಅಲ್ಪಕಾಲದ ದುಡಿಮೆಯಲ್ಲಿ ಇಡೀ ವರ್ಷದ ಜೀವನ ಸಾಗಬೇಕಾಗಿದೆ.

ಮೇವಿನ ಲೆಕ್ಕ

ಹಿಮಗಾಲದ ಮೊದಲನೆಯ ಕೆಲಸವು ಹಿಮ ಬೀಳುವುದಕ್ಕೆ ಮುಂಚೆಯೇ ನಡೆಯುವುದು. ಬೇಸಗೆಯಲ್ಲಿ ಕೊಯ್ದು ಒಣಗಿಸಿದ ಕುದುರೆ ಮೆಂತ್ಯದ ಸೊಪ್ಪು, ಕಾಲುವೆಯ ಬದುಗಳ ಹುಲ್ಲು, ಜವೆಯ ಹುಲ್ಲು, ಬಟಾಣಿಯ ಬಳ್ಳಿ ಎಲ್ಲವನ್ನೂ ಹೊರೆ ಕಟ್ಟಿ ಮನೆಯ ಮಾಳಿಗೆಯ ಅಂಚಿನ ಸುತ್ತಲೂ ಗೋಡೆಯಂತೆ ಒಟ್ಟುವರು. ಮೇವು ನೆಲದ ತೇವಕ್ಕೆ ಸಿಕ್ಕದೆ ಒಣಗಿಯೇ ಇರುವುದು. ಮನೆಗೂ ಚಳಿಗಾಳಿಯಿಂದ ಸ್ವಲ್ಪ ಮರೆಯಾಗುವುದು.

ಬಳಿಕ ಮನೆಯ ಹಿರಿಯನು ಲೆಕ್ಕ ಹಾಕಬೇಕು. ಸಾಧಾರಣವಾಗಿ ಒಂದು ದನವು ತನ್ನ ಮೈತೂಕದಲ್ಲಿ ನೂರಕ್ಕೆ ಎರಡರಿಂದ ಎರಡೂವರೆ ಪಾಲಿನಷ್ಟು ಒಣಮೇವನ್ನು ದಿನಂಪ್ರತಿ ತಿನ್ನುವುದು. 200 ಕಿಲೋಗ್ರಾಂ ತೂಗುವ ಸಣ್ಣ ಹಸುವೊಂದಕ್ಕೆ ದಿನಕ್ಕೆ 4ರಿಂದ 5 ಕಿಲೋಗ್ರಾಂ ಮೇವು ಬೇಕು. ಆರು ತಿಂಗಳಿಗೆ 720ರಿಂದ 900 ಕಿಲೋಗ್ರಾಂ ಆಯಿತು. ಮನೆಯಲ್ಲಿ ಹಸುಗಳಲ್ಲದೆ ಯಾಕ್, ಯಾಕ್ ಮತ್ತು ಹಸುವಿನ ಬೆರಕೆಯಾದ ಜೋ ಎಂಬ ಉಳುವ ಪಶು, ಕುರಿ, ಮೇಕೆ, ಕೆಲವರಲ್ಲಿ ಕುದುರೆಯೂ ಇರುವುವು. ಜಂಸ್ಕಾರಿನ ಒಕ್ಕಲಿಗನು ಕಾಗದದ ಮೇಲೆ ಹೀಗೆ ಗುಣಿಸದಿದ್ದರೂ ಮಾಳಿಗೆಯ ಮೇಲಿನ ಹೊರೆಗಳನ್ನು ನೋಡಿ ಎಷ್ಟು ಬಾಯಿಗಳಿಗೆ ಸಾಲುವುದೆಂದು ಅಂದಾಜು ಮಾಡಬಲ್ಲನು. ಸಾಲದಾದರೆ ಚಳಿಯ ಆರಂಭದಲ್ಲಿಯೇ ಕೆಲವು ಪಶುಗಳನ್ನು ಮಾರುವನು ಇಲ್ಲವೆ ಮಾಂಸಕ್ಕೆ ಕೊಡುವನು. ಆಗಿನ ಶೈತ್ಯದಲ್ಲಿ ಮಾಂಸವು ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದು. ಸಾಕಿದ ಪಶುವನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿರದು. ಆದರೆ ಎಲ್ಲವನ್ನೂ ಉಳಿಸಿಕೊಳ್ಳಲು ಹೋಗಿ ವಸಂತದ ಹೊಸ್ತಿಲಲ್ಲಿ ಮೇವು ಮುಗಿದರೆ, ಉಳುವ ಪಶುವೂ ಕರೆಯುವ ಪಶುವೂ ಒಟ್ಟಿಗೆ ಬಡಕಲಾಗಿ ಬೀಳುವುವು. ಹಿಮ ಕರಗುವುದು ಹದಿನೈದು ದಿನ ತಡವಾದರೂ ಸಾಕು, ಈ ಲೆಕ್ಕದ ಸರಿತಪ್ಪು ಬಯಲಾಗುವುದು.

ಮನೆಯ ಏರ್ಪಾಡು

ಅಲ್ಲಿಯ ಮನೆಗಳು ಕಲ್ಲು ಮತ್ತು ಹಸಿ ಇಟ್ಟಿಗೆಯವು, ಎರಡು ಅಂತಸ್ತಿನವು, ಸಮತಟ್ಟಾದ ಮಣ್ಣಿನ ಮಾಳಿಗೆಯುಳ್ಳವು. ಪಾಪ್ಲರ್ ಮರದ ತೊಲೆಗಳ ಮೇಲೆ ವಿಲ್ಲೊ ಮರದ ಕಡ್ಡಿಗಳನ್ನು ಹರಡಿ, ಮೇಲೆ ಮಣ್ಣನ್ನು ಮೆತ್ತಿ ಮಾಳಿಗೆಯನ್ನು ಮಾಡುವರು. ಕೆಳಗಿನ ಅಂತಸ್ತು ಕೊಟ್ಟಿಗೆ. ಬೇಸಗೆಯಲ್ಲಿ ಮೇಲಂತಸ್ತಿನಲ್ಲಿರುವ ಸಂಸಾರವು ಚಳಿಗಾಲ ಬಂದೊಡನೆ ಕೆಳಗೆ, ಕೊಟ್ಟಿಗೆಗಳ ನಡುವಿನ ಒಂದು ಒಳಕೋಣೆಗೆ ಇಳಿಯುವುದು. ಅಡಿಗೆ, ಊಟ, ನೂಲುವುದು, ಮಲಗುವುದು ಎಲ್ಲವೂ ಆ ಒಂದೇ ಕೋಣೆಯಲ್ಲಿ. ಸುತ್ತಲಿನ ಪಶುಗಳ ಮೈಶಾಖವೂ ಒಲೆಯ ಕಾವೂ ಸೇರಿ ಕೋಣೆಯನ್ನು ಬೆಚ್ಚಗಿಡುವುವು. ಆದರೆ ಕಿಟಕಿಯಿಲ್ಲದ ಇಂಥ ಕೋಣೆಯ ಹೊಗೆಯು ಕಣ್ಣಿಗೂ ಶ್ವಾಸಕೋಶಕ್ಕೂ ಬಹಳ ಕೆಡುಕನ್ನು ಮಾಡುವುದು. ಒಲೆಯ ಬಳಿ ಹೆಚ್ಚು ಹೊತ್ತು ಕಳೆಯುವ ಹೆಂಗಸರೂ ಮಕ್ಕಳೂ ಅದರ ಕಷ್ಟವನ್ನು ಹೆಚ್ಚಾಗಿ ಅನುಭವಿಸುವರು. ಹೊಗೆಯನ್ನು ಹೊರಕ್ಕೆ ಒಯ್ಯುವ ಕೊಳವೆಯುಳ್ಳ ಕಬ್ಬಿಣದ ಒಲೆಗಳೂ, ದಕ್ಷಿಣದ ಬಿಸಿಲನ್ನು ಗಾಜಿನ ಮೂಲಕ ಒಳಕ್ಕೆ ತೆಗೆದುಕೊಳ್ಳುವ ಕೋಣೆಗಳೂ ಈಚಿನ ದಶಕಗಳಲ್ಲಿ ಲಡಾಖಿನಲ್ಲಿ ಬಳಕೆಗೆ ಬಂದಿರುವುದು ಸಂತೋಷದ ವಿಷಯ.

ದಿನಚರಿ

ರಾತ್ರಿ ಹಿಮ ಬಿದ್ದಿದ್ದರೆ ಬೆಳಗಾದೊಡನೆ ಮಾಡಬೇಕಾದ ಕೆಲಸ ಮಾಳಿಗೆಯನ್ನು ಬಳಿಯುವುದು. ಹೊಸ ಹಿಮವು ಬಹಳ ಹಗುರವೆಂದು ತೋರುವುದು. ಹತ್ತು ಅಂಗುಲ ಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರಾಗುವುದಷ್ಟೆ. ಆದರೂ ಸಾವಿರ ಚದರಡಿಯ ಮಾಳಿಗೆಯ ಮೇಲೆ ಒಂದಡಿ ಹೊಸ ಹಿಮ ಕುಳಿತರೆ ಅದರ ತೂಕವು ಸುಮಾರು 2,800 ಕಿಲೋಗ್ರಾಂ ಆಗುವುದು. ಹಳೆಯ ಹಿಮವು ಕುಸಿದು ಗಟ್ಟಿಯಾದಷ್ಟೂ ಅದೇ ಒಂದಡಿಯ ಭಾರವು ಇನ್ನೂ ಹೆಚ್ಚುವುದು. ಅಷ್ಟೇ ಅಲ್ಲದೆ, ಹಗಲಿನ ಬಿಸಿಲಿಗೆ ಕರಗಿದ ನೀರು ಮಣ್ಣಿನ ಮಾಳಿಗೆಯೊಳಗೆ ಇಳಿದು ಮನೆಯನ್ನು ಸೋರಿಸುವುದು. ಆದಕಾರಣ ಮರದ ಸಲಿಕೆಗಳನ್ನು ಹಿಡಿದು ಹಿಮವನ್ನು ಕೆಳಕ್ಕೆ ತಳ್ಳುವರು. ಬಳಿಕ ಬಾಗಿಲಿನಿಂದ ಕೊಟ್ಟಿಗೆಗೂ ನೀರಿನ ಎಡೆಗೂ ಕಾಲುದಾರಿಯನ್ನು ಬಿಡಿಸುವರು. ಹಿಮ ಎಡೆಬಿಡದೆ ಬೀಳುತ್ತಿದ್ದರೆ ಈ ಕೆಲಸವನ್ನು ದಿನಕ್ಕೆರಡು ಬಾರಿ ಮಾಡಬೇಕಾಗುವುದೂ ಉಂಟು.

ಎರಡನೆಯದು ನೀರು. ತೊರೆಯ ಮೇಲ್ಭಾಗವೆಲ್ಲ ಮಂಜುಗಡ್ಡೆಯಾಗಿರುವುದರಿಂದ ಗಡ್ಡೆಯನ್ನು ಒಡೆದು ಕೆಳಗಿನ ನೀರನ್ನು ಮೊಗೆಯಬೇಕು. ಮನೆಯ ಬಳಕೆಗೆ ಬೇಕಾದುದನ್ನು ಬೆನ್ನಿನ ಮೇಲೆ ಹೊತ್ತು ತರುವರು. ದನಕರುಗಳನ್ನು ಹಗಲು ಸ್ವಲ್ಪ ಬೆಚ್ಚಗಾದ ಮೇಲೆ ಅಲ್ಲಿಗೇ ಹೊಡೆದುಕೊಂಡು ಹೋಗಿ ಕುಡಿಸಿ ಒಡನೆಯೇ ಕೊಟ್ಟಿಗೆಗೆ ತರುವರು. ಮೇವನ್ನು ಬೆಳಗ್ಗೆ ಸಂಜೆ ಅಳತೆಯಿಂದ ಹಾಕುವರು. ಹಾಲು ಕರೆಯುವ ಪಶುವಿಗೂ ಎಳೆಗರುವಿಗೂ ಮೆಂತ್ಯದ ಸೊಪ್ಪಿನ ಉತ್ತಮ ಪಾಲು, ಉಳಿದವಕ್ಕೆ ಒಣಹುಲ್ಲು. ಬಿಸಿಲು ಚೆನ್ನಾಗಿದ್ದ ದಿನ, ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಹಿಮ ಕರಗಿ ನೆಲ ಕಾಣುವಲ್ಲಿಗೆ ಕುರಿ ಮೇಕೆಗಳನ್ನು ಅಟ್ಟುವರು. ಅಲ್ಲಿ ಅವು ಮೇದ ಒಂದೊಂದು ತುತ್ತೂ ಮಾಳಿಗೆಯ ಮೇಲೆ ಉಳಿದ ತುತ್ತು.

ಕುರಿಹಟ್ಟಿಯ ಕಾವಲೂ ಚಳಿಗಾಲದಲ್ಲಿ ಹೆಚ್ಚು ಬಿಗಿಯಾಗಿರಬೇಕು. ಬೆಟ್ಟದ ಮೇಲೆ ಬೇಟೆ ಕಡಮೆಯಾಗಿ ತೋಳಗಳೂ ಹಿಮಚಿರತೆಗಳೂ ಊರಿನ ಸಮೀಪಕ್ಕೆ ಇಳಿಯುವುವು. ಹಿಮಚಿರತೆಯೊಂದು ಮುಚ್ಚಳವಿಲ್ಲದ ಹಟ್ಟಿಯೊಳಗೆ ಇಳಿದರೆ ಒಂದೇ ರಾತ್ರಿಯಲ್ಲಿ ಹಲವು ಕುರಿಗಳನ್ನು ಕೊಲ್ಲುವುದುಂಟು. ಒಂದು ಬಡ ಸಂಸಾರದ ಆಸ್ತಿಯೆಲ್ಲ ಹೀಗೆ ಹಾಳಾಗಬಹುದು. ಹಟ್ಟಿಯ ಮೇಲೆ ತಂತಿಬಲೆಯನ್ನು ಹೊದಿಸಿ ಗಟ್ಟಿ ಬಾಗಿಲನ್ನು ಇಡುವ ಕ್ರಮವನ್ನು ಈಚೆಗೆ ಲಡಾಖಿನ ಅನೇಕ ಹಳ್ಳಿಗಳಲ್ಲಿ ಅನುಸರಿಸಿದ್ದಾರೆ. ಇದರಿಂದ ಕುರಿಯೂ ಉಳಿಯುವುದು, ಹಗೆತನಕ್ಕೆ ಸಿಕ್ಕಿ ಸಾಯಬೇಕಾದ ಚಿರತೆಯೂ ಉಳಿಯುವುದು.

ಆಹಾರ ಮತ್ತು ಕೈಕೆಲಸ

ಹರಿಯುವ ನೀರು ಹೆಪ್ಪುಗಟ್ಟಿದರೆ ನೀರಿನ ಬೀಸುಕಲ್ಲುಗಳು ನಿಂತುಹೋಗುವುವು. ಆದುದರಿಂದ ಶರತ್ಕಾಲದಲ್ಲಿಯೇ ಜವೆಯನ್ನು ಹುರಿದು ಬೀಸಿ ಚೀಲಗಳಲ್ಲಿ ತುಂಬಿಡುವರು. ನಮ್ಮ ಹುರಿಹಿಟ್ಟನ್ನು ಹೋಲುವ ಈ ಹಿಟ್ಟನ್ನು ಉಪ್ಪು ಬೆಣ್ಣೆಗಳನ್ನು ಬೆರೆಸಿ ಕಡೆದ ಚಹದಲ್ಲಿ ಕಲಸಿ ತಿನ್ನುವರು. ಬೇಯಿಸುವ ಕೆಲಸವಿಲ್ಲದುದರಿಂದ ಸೌದೆ ಉಳಿಯುವುದೆಂಬುದು ಇದರ ದೊಡ್ಡ ಗುಣ. ಆಲೂಗೆಡ್ಡೆ, ಮೂಲಂಗಿ, ಗಜ್ಜರಿ, ಟರ್ನಿಪ್ ಗೆಡ್ಡೆಗಳನ್ನು ನೆಲದ ಹಗೇವುಗಳಲ್ಲಿ ಹೂತಿಡುವರು. ಆಳದಲ್ಲಿ ಮಣ್ಣು ಹೆಪ್ಪುಗಟ್ಟದೆ ಇರುವುದರಿಂದ ಅವು ಕೆಡುವುದಿಲ್ಲ. ಸೊಪ್ಪುಗಳನ್ನು ಬೇಸಗೆಯಲ್ಲಿಯೇ ಒಣಗಿಸಿರುವರು. ಮೂರು ಕಡೆ ದಪ್ಪ ಮಣ್ಣಿನ ಗೋಡೆ ಎಬ್ಬಿಸಿ, ದಕ್ಷಿಣದ ಕಡೆ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಹೊದಿಸಿದ ಬಿಸಿಲುಮನೆಗಳಲ್ಲಿ ಚಳಿಗಾಲದಲ್ಲಿಯೂ ಹಸುರು ಸೊಪ್ಪನ್ನು ಬೆಳೆಯುವ ಕ್ರಮವು ಲಡಾಖಿನಲ್ಲಿ ಈಗ ಹರಡಿದೆ.

ಸಂಜೆ ಎಲ್ಲರೂ ಒಲೆಯ ಸುತ್ತ ಸೇರುವರು. ಹೆಂಗಸರು ಕುರಿಯ ತುಪ್ಪಟವನ್ನು ಕದಿರಿನಿಂದ ನೂಲುವರು. ಗಂಡಸರು ಯಾಕ್ ಮತ್ತು ಮೇಕೆಯ ಒರಟು ಕೂದಲನ್ನು ನೂತು ಹಗ್ಗ, ಗೋಣಿ, ಕಂಬಳಿಗಳಿಗೆ ಸಿದ್ಧಮಾಡುವರು. ಬೇಸಗೆಯಲ್ಲಿ ಇದಕ್ಕೆಲ್ಲ ವೇಳೆಯಿಲ್ಲ. ನಡುಚಳಿಗಾಲದಲ್ಲಿ ಲೊಸರ್ ಎಂಬ ಹೊಸವರ್ಷದ ಹಬ್ಬ ಬರುವುದು. ಮದುವೆ, ನೆಂಟರ ಮನೆಯ ಊಟ, ಬೌದ್ಧ ವಿಹಾರಗಳ ಉತ್ಸವ ಮೊದಲಾದವು ಈ ದಿನಗಳಲ್ಲಿಯೇ ಹೆಚ್ಚು. ಹಟ್ಟಿಯಿಂದ ಕುರಿಗಳನ್ನು ಮೇಯಿಸಲು ಕೊಂಡೊಯ್ಯುವುದನ್ನು ಮನೆಮನೆಯವರು ಸರದಿಯ ಮೇಲೆ ಮಾಡುವ ಪದ್ಧತಿಯುಂಟು. ಇದಕ್ಕೆ ರಾರೆಸ್ ಎಂದು ಹೆಸರು. ಹೆರಿಗೆ, ಸಾವು ಮುಂತಾದ ಸಂದರ್ಭಗಳಲ್ಲಿ ಒಬ್ಬರಿಗೊಬ್ಬರು ನಿಲ್ಲುವ ಮನೆಗಳ ಗುಂಪಿಗೆ ಫಾಸ್ಪುನ್ ಎನ್ನುವರು. ದಾರಿ ಮುಚ್ಚಿದ ಊರಿನಲ್ಲಿ ನೆರೆಮನೆಯೇ ಆಸ್ಪತ್ರೆ, ನೆರೆಮನೆಯೇ ಅಂಗಡಿ.

ಸೌದೆ ಮತ್ತು ಗೊಬ್ಬರ

ಸಗಣಿಯನ್ನು ಬೆರಣಿ ತಟ್ಟಿ ಸುಡಬಾರದು, ಅದು ಹೊಲಕ್ಕೆ ಸೇರತಕ್ಕ ಸಾರವೆಂದು ನಮ್ಮ ರೈತರಿಗೆ ಬಹುಕಾಲದಿಂದ ಹೇಳುತ್ತ ಬರಲಾಗಿದೆ. ಜಂಸ್ಕಾರಿನಲ್ಲಿ ಕಾಡು ಇಲ್ಲ. ನೆಟ್ಟು ಬೆಳೆಸಿದ ಮರಗಳು ತೊಲೆಗೂ ಮೇವಿಗೂ ಸಾಲವು. ಅಲ್ಲಿ ಸಗಣಿಯನ್ನು ಸುಡದಿದ್ದರೆ ಚಳಿಗಾಲವನ್ನು ಕಳೆಯುವಂತೆಯೇ ಇಲ್ಲ. ಬೇಸಗೆಯೆಲ್ಲ ಹೆಂಗಸರೂ ಮಕ್ಕಳೂ ಬೆಟ್ಟದ ಹುಲ್ಲುಗಾವಲುಗಳಲ್ಲಿ ಸಗಣಿಯನ್ನು ಆರಿಸಿ ಒಣಗಿಸಿ ತರುವರು. ಹಟ್ಟಿಯ ನೆಲದಲ್ಲಿ ತುಳಿದು ಗಟ್ಟಿಯಾದ ಕುರಿಹಿಕ್ಕೆಯನ್ನೂ ಹೆಂಟೆಗಳಾಗಿ ಕತ್ತರಿಸಿ ಉರುವಲಿಗೆ ಬಳಸುವರು.

ಹಾಗಾದರೆ ಹೊಲಕ್ಕೆ ಗೊಬ್ಬರವೆಲ್ಲಿಂದ? ಇದಕ್ಕೆ ಅವರು ಕಂಡುಕೊಂಡಿರುವ ಉಪಾಯವು ಗಮನಾರ್ಹವಾದುದು. ಪ್ರತಿ ಮನೆಯ ಮೇಲಂತಸ್ತಿನಲ್ಲಿ ನೆಲಕ್ಕೆ ಒಂದು ರಂಧ್ರವುಳ್ಳ ಒಣ ಪಾಯಖಾನೆ ಇರುವುದು. ಅದರ ಕೆಳಗೆ ಮುಚ್ಚಿದ ಕೋಣೆ. ಶರತ್ಕಾಲದಲ್ಲಿ ಒಣಮಣ್ಣನ್ನು ರಾಶಿಯಾಗಿ ತಂದು ಇಟ್ಟುಕೊಂಡು, ಬಳಸಿದಾಗಲೆಲ್ಲ ಒಂದೆರಡು ಸಲಿಕೆ ಮಣ್ಣನ್ನೂ ಒಲೆಯ ಬೂದಿಯನ್ನೂ ಕೆಳಕ್ಕೆ ತಳ್ಳುವರು. ನೀರು ಸೋಕದುದರಿಂದ ದುರ್ಗಂಧವು ಬಹಳ ಕಡಮೆ. ಚಳಿಗಾಲವನ್ನು ಕಳೆದು ಮಾಗಿದ ಈ ಮಿಶ್ರಣವನ್ನು ವಸಂತದಲ್ಲಿ ತೆಗೆದು ಹೊಲಕ್ಕೆ ಹರಡುವರು. ಹೀಗೆ ಸುಟ್ಟ ಸಗಣಿಯ ಬೂದಿಯಲ್ಲಿ ಉಳಿದಿರುವ ಸಾರವೂ ಹೊಲವನ್ನೇ ಸೇರುವುದು. ನೀರು ಹಾಯಿಸುವ ಹೊಸ ಬಗೆಯ ಪಾಯಖಾನೆಗಳು ಲೇಹ್ ಪಟ್ಟಣದ ಕಡೆ ಹೆಚ್ಚಿದಂತೆಲ್ಲ ನೀರಿನ ಖರ್ಚು ಏರಿ ಗೊಬ್ಬರ ನಷ್ಟವಾಗುತ್ತಿರುವುದನ್ನು ನೋಡಿದರೆ, ಹಳೆಯ ಪದ್ಧತಿಯ ಬೆಲೆ ಮನವರಿಕೆಯಾಗುವುದು.

ಹಿಮದ ಮೇಲೆ ಮಣ್ಣು

ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ನಡೆಯುವ ಒಂದು ಕೆಲಸವು ಪರಸ್ಥಳದವರಿಗೆ ವಿಚಿತ್ರವಾಗಿ ಕಾಣುವುದು. ಊರಿನವರು ಬುಟ್ಟಿಗಳಲ್ಲಿ ಮಣ್ಣನ್ನು ಹೊತ್ತುಕೊಂಡು ಹೋಗಿ, ಹೊಲವನ್ನು ಮುಚ್ಚಿರುವ ಹಿಮದ ಮೇಲೆ ತೆಳ್ಳಗೆ ಎರಚುವರು. ಇದಕ್ಕಾಗಿಯೇ ಹಿಂದಿನ ಶರತ್ಕಾಲದಲ್ಲಿ ಮಣ್ಣನ್ನು ಮನೆಯಲ್ಲಿ ಕೂಡಿಟ್ಟಿರುವರು. ಏಕೆಂದರೆ ಹಿಮ ಬಿದ್ದ ಮೇಲೆ ಮಣ್ಣು ದೊರೆಯುವುದಿಲ್ಲ. ಇದರ ಕಾರಣವು ಸ್ಪಷ್ಟವಾಗಿದೆ. ಹೊಸದಾದ ಬಿಳಿಯ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೇಲ್ಪಟ್ಟು ಹಿಂದಕ್ಕೆ ಎಸೆದುಬಿಡುವುದು. ಕಪ್ಪು ಮಣ್ಣಿನ ಕಣಗಳು ಬಿಸಿಲನ್ನು ಹೀರಿ ಕಾದು ಸುತ್ತಲಿನ ಹಿಮವನ್ನು ಕರಗಿಸುವುವು. ಹೊಲವು ಕೆಲವು ದಿನ ಮುಂಚಿತವಾಗಿ ಬಿಡುಗಡೆಯಾಗುವುದು. ಬೆಳೆಯ ಕಾಲವೇ ನಾಲ್ಕೈದು ತಿಂಗಳಾಗಿರುವ ಸೀಮೆಯಲ್ಲಿ ಈ ಕೆಲವು ದಿನಗಳು ತೆನೆ ಮಾಗುವುದಕ್ಕೂ ಚಳಿಗೆ ಸಿಕ್ಕಿ ಜೊಳ್ಳಾಗುವುದಕ್ಕೂ ನಡುವಣ ಅಂತರವಾಗಬಹುದು.

ಹಿಮವೇ ನೀರು

ಮಾಳಿಗೆಯ ಮೇಲೆ ಹೊರೆಯಾಗಿದ್ದ ಹಿಮವು ಬೆಟ್ಟದ ಮೇಲೆ ಧನವಾಗಿರುವುದು. ಮಳೆಯಿಲ್ಲದ ಆ ಕಣಿವೆಯಲ್ಲಿ ಬೆಟ್ಟದ ಹಿಮವೂ ಹಿಮನದಿಯೂ ಕರಗಿ ಬರುವ ನೀರೇ ಎಲ್ಲ ಬೆಳೆಗಳಿಗೂ ಆಧಾರ. ಆ ನೀರನ್ನು ಸರದಿಯಂತೆ ಹೊಲಹೊಲಕ್ಕೆ ಹಂಚುವ ನೀರುಗಂಟಿಗೆ ಲಡಾಖಿನಲ್ಲಿ ಚುರ್ಪೋನ್ ಎಂದು ಹೆಸರು. ಆದರೆ ಹಂಚಲು ನೀರೇ ಇಲ್ಲವಾದರೆ ಅವನೇನು ಮಾಡಬಲ್ಲನು? ಜಂಸ್ಕಾರಿನ ಹಳೆಯ ಊರುಗಳಲ್ಲಿ ಒಂದಾದ ಕುಮಿಕ್ ಎಂಬಲ್ಲಿ ಈ ಕಷ್ಟವು ಪ್ರತ್ಯಕ್ಷವಾಯಿತು. ಅದರ ತೊರೆಗೆ ಬೆಟ್ಟದ ಮೇಲಿನ ಹಿಮವೇ ಮೂಲ. ಹಿಮ ಬೀಳುವುದು ಕಡಮೆಯಾಗಿ, ಬಿದ್ದುದೂ ಬೇಗ ಕರಗಿಹೋಗಿ ಹೊಲಗಳಿಗೆ ನೀರು ಸಾಲದಾಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಊರಿನವರು ತಲೆಮಾರುಗಳ ಹೊಲಮನೆಗಳನ್ನು ಬಿಟ್ಟು, ತಗ್ಗಿನಲ್ಲಿ ನದಿಯಿಂದ ಕಾಲುವೆ ತೋಡಿಕೊಂಡು ಹೊಸ ನೆಲೆಯನ್ನು ಮಾಡಿಕೊಳ್ಳಲು ನಿಶ್ಚಯಿಸಿದರು. ಹೊಲದ ಹಿಮವನ್ನು ಕರಗಿಸಲು ಬುಟ್ಟಿಯ ಮಣ್ಣು ಎಷ್ಟು ಉಪಕಾರಿಯೋ, ಹೊಗೆಯ ಮಸಿಯೂ ಧೂಳೂ ಗಾಳಿಯಲ್ಲಿ ಹಾರಿ ಬೆಟ್ಟದ ಹಿಮದ ಮೇಲೆ ಕುಳಿತರೆ ಅಷ್ಟೇ ಅಪಕಾರಿ. ನಿಯಮವು ಒಂದೇ, ಸ್ಥಳವು ಬೇರೆ.

ನೀರನ್ನು ಚಳಿಗಾಲದಲ್ಲಿಯೇ ಕೂಡಿಡುವ ಪ್ರಯತ್ನಗಳೂ ನಡೆದಿವೆ. ಲೇಹ್ ಕಡೆಯ ನಿವೃತ್ತ ಇಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು 1987ರಲ್ಲಿ ಫುಕ್ಟ್ಸೆ ಎಂಬ ಗ್ರಾಮದಲ್ಲಿ ಮೊದಲನೆಯ ಕೃತಕ ಹಿಮನದಿಯನ್ನು ನಿರ್ಮಿಸಿದರು. ಚಳಿಗಾಲದಲ್ಲಿ ಯಾರಿಗೂ ಬೇಡವಾಗಿ ಹರಿದುಹೋಗುವ ತೊರೆಯ ನೀರನ್ನು ನೆರಳಿರುವ ಇಳಿಜಾರಿಗೆ ತಿರುಗಿಸಿ, ಕಲ್ಲಿನ ಸಣ್ಣ ಒಡ್ಡುಗಳಿಂದ ಅದರ ವೇಗವನ್ನು ತಗ್ಗಿಸಿ ಪದರಪದರವಾಗಿ ಹೆಪ್ಪುಗಟ್ಟುವಂತೆ ಮಾಡುವುದೇ ಇದರ ಕ್ರಮ. ಎತ್ತರದ ಹಿಮನದಿಯು ಜೂನ್ ತಿಂಗಳಿಗೆ ಮುಂಚೆ ಸಾಕಷ್ಟು ಕರಗುವುದಿಲ್ಲ. ಊರಿನ ಸಮೀಪದ ಈ ಗಡ್ಡೆಯು ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಕರಗಿ ಬಿತ್ತನೆಗೆ ಒದಗುವುದು. ನೋರ್ಫೆಲ್ ಅವರಿಗೆ 2015ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಸೋನಮ್ ವಾಂಗ್ಚುಕ್ ಅವರು 2013ರಿಂದ ಈಚೆಗೆ ಹಿಮಸ್ತೂಪವೆಂಬ ಇನ್ನೊಂದು ವಿಧಾನವನ್ನು ಬಳಕೆಗೆ ತಂದರು. ಮೇಲಿನಿಂದ ಕೊಳವೆಯಲ್ಲಿ ಇಳಿದ ನೀರು ತನ್ನ ಒತ್ತಡದಿಂದಲೇ ಚಿಲುಮೆಯಾಗಿ ಚಿಮ್ಮಿ, ಚಳಿಯಲ್ಲಿ ಹೆಪ್ಪುಗಟ್ಟಿ ಗೋಪುರವಾಗುವುದು. ಅಗಲವಾಗಿ ಹರಡಿದ ಗಡ್ಡೆಗಿಂತ ಗೋಪುರಕ್ಕೆ ತಗಲುವ ಬಿಸಿಲು ಕಡಮೆಯಾದುದರಿಂದ ಅದು ನಿಧಾನವಾಗಿ ಕರಗುವುದು.

ದಾರಿಗಳು

ಹಿಂದೆ ಚಳಿಗಾಲದಲ್ಲಿ ಜಂಸ್ಕಾರಿಗೆ ಇದ್ದ ಒಂದೇ ಹೆದ್ದಾರಿಯೆಂದರೆ ಹೆಪ್ಪುಗಟ್ಟಿದ ನದಿ. ಇದಕ್ಕೆ ಚಾದರ್ ಎಂದು ಹೆಸರು. ಜನವರಿ ಫೆಬ್ರವರಿ ತಿಂಗಳುಗಳಲ್ಲಿ ಊರಿನವರು ಮಂಜುಗಡ್ಡೆಯ ಮೇಲೆ ದಿನಗಟ್ಟಲೆ ನಡೆದು, ರಾತ್ರಿ ಗುಹೆಗಳಲ್ಲಿ ತಂಗಿ, ತಮ್ಮ ಬೆಣ್ಣೆಯನ್ನು ಲೇಹ್ ಪೇಟೆಗೆ ಒಯ್ಯುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳನ್ನೂ ಅದೇ ದಾರಿಯಲ್ಲಿ ಕರೆದೊಯ್ಯುತ್ತಿದ್ದರು. ಗಡ್ಡೆಯು ಒಡೆದರೆ ಪ್ರಾಣಕ್ಕೇ ಅಪಾಯ. ನಿಮ್ಮು, ಪದುಮ್, ದಾರ್ಚಾ ಈ ಮೂರನ್ನೂ ಕೂಡಿಸುವ ರಸ್ತೆಯು 2024ನೆಯ ಮಾರ್ಚಿಯಲ್ಲಿ ಕೂಡಿಕೊಂಡಿತು; ಅದೇ ವರ್ಷ ಜುಲೈ ತಿಂಗಳಿನಲ್ಲಿ ಶಿಂಕು ಲಾ ಸುರಂಗದ ಕೆಲಸಕ್ಕೆ ಆರಂಭವಾಯಿತು. ರೋಗಿಗೂ ಬಾಣಂತಿಗೂ ಇದರಿಂದಾಗುವ ಉಪಕಾರವನ್ನು ಎಷ್ಟು ಹೇಳಿದರೂ ಸಾಲದು. ಆದರೆ ರಸ್ತೆಯು ಮೇವನ್ನೂ ದಿನಸಿಯನ್ನೂ ತರಬಲ್ಲುದೇ ವಿನಾ ಬೆಟ್ಟದ ಮೇಲೆ ಹಿಮವನ್ನು ತರಲಾರದು.

ನಮ್ಮ ರೈತರು ಗಮನಿಸತಕ್ಕ ವಿಷಯಗಳು

ನಮ್ಮಲ್ಲಿ ಹಿಮವಿಲ್ಲ. ಆದರೆ ಬಯಲುಸೀಮೆಯಲ್ಲಿ ಮಾಘ ಮಾಸದಿಂದ ಮುಂಗಾರಿನವರೆಗೆ ದನಕರುಗಳು ಪಡುವ ಪಾಡು ಜಂಸ್ಕಾರಿನ ಚಳಿಗಾಲದ ಪಾಡಿಗಿಂತ ಬಹಳ ಬೇರೆಯಲ್ಲ. ಆಗಲೂ ನೆಲದ ಮೇಲೆ ಹಸುರಿಲ್ಲ, ಬಣವೆಯೇ ಆಧಾರ. ಸುಗ್ಗಿಯಾದೊಡನೆ ಬಣವೆಯ ಮುಂದೆ ನಿಂತು ಲೆಕ್ಕ ಹಾಕುವವರು ನಮ್ಮಲ್ಲಿ ಎಷ್ಟು ಮಂದಿ? 300 ಕಿಲೋಗ್ರಾಂ ತೂಗುವ ಒಂದು ಜೊತೆ ಎತ್ತಿಗೆ ದಿನಕ್ಕೆ 12 ಕಿಲೋಗ್ರಾಮಿಗೆ ಕಡಮೆಯಾಗದಂತೆ ಒಣಮೇವು ಬೇಕು. ನೂರೈವತ್ತು ದಿನಕ್ಕೆ 1,800 ಕಿಲೋಗ್ರಾಂ ಆಯಿತು. ಇಷ್ಟು ಇಲ್ಲವೆಂದು ಪುಷ್ಯದಲ್ಲಿಯೇ ತಿಳಿದರೆ ಹುಲ್ಲನ್ನು ಕೊಳ್ಳಲು, ಮೇವಿನ ಬೆಳೆಯನ್ನು ಹಾಕಲು, ಬೇಡದ ದನವನ್ನು ಮಾರಲು ಕಾಲಾವಕಾಶವಿರುವುದು. ಚೈತ್ರದಲ್ಲಿ ತಿಳಿದರೆ ಹುಲ್ಲಿನ ಬೆಲೆ ಏರಿರುವುದು, ದನದ ಬೆಲೆ ಇಳಿದಿರುವುದು. ಹಾಗೆಯೇ ಒಲೆಯ ಬೂದಿಯನ್ನೂ ಕೊಟ್ಟಿಗೆಯ ಕಸವನ್ನೂ ಬೀದಿಗೆ ಚೆಲ್ಲದೆ ಗುಂಡಿಗೆ ಹಾಕಿ ಮಾಗಿಸುವುದು, ಸುರಿದ ನೀರನ್ನು ಹೊಲದ ಬದುವಿನಲ್ಲಿಯೇ ನಿಲ್ಲಿಸುವುದು ನಮ್ಮ ಕೈಯಲ್ಲಿಯೇ ಇರುವ ಕೆಲಸಗಳು.

ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ, ವರ್ಷಕ್ಕೊಂದೇ ಬೆಳೆಯನ್ನು ನೆಚ್ಚಿ ಬದುಕುವ ಜನರು ಒಂದು ಹೊರೆ ಹುಲ್ಲನ್ನೂ ಒಂದು ಬುಟ್ಟಿ ಮಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವರು. ಅವರಿಗಿಂತ ಹೆಚ್ಚಿನ ಅನುಕೂಲಗಳನ್ನು ಪಡೆದಿರುವ ನಮ್ಮ ರೈತಬಾಂಧವರು ಈ ಸುಗ್ಗಿಯ ಕೊನೆಯಲ್ಲಿ ಕಣವನ್ನು ಬಿಡುವುದಕ್ಕೆ ಮುಂಚೆ ತಮ್ಮ ಬಣವೆಯನ್ನು ಒಂದು ಬಾರಿ ಅಳೆದು ನೋಡುವರೆಂದು ನಂಬಲಾಗಿದೆ.